ಬಿ.ದುರ್ಗದ ಮನೆಯ ಒದ್ದೆ ನೆಲ

ಬಿ.ದುರ್ಗದಲ್ಲಿ ನನ್ನ ನಾದಿನಿ ಬಸಮ್ಮನ ಮನೆಯೊಳಗೆ ಸತ್ತವಳು ಓಡಾಡುತ್ತಾಳೆ. ನಂಬುತ್ತೀರಾ? ಹೋದ ವಾರ ಚಿಕ್ಕಜಾಜೂರಿನಲ್ಲಿ ರೈಲಿಳಿದು, ಗಾಡಿ ಹಿಡಿದು ಅಲ್ಲಿಗೆ ಹೋದ ನಾನೂ ಅರ್ಧ ನಂಬಿದ್ದೆ.

ಸತ್ತವಳು ನೀಲಮ್ಮ, ಬಸಮ್ಮನ ಮೊದಲ ಸೊಸೆ. ಹೆತ್ತ ವರ್ಷವೇ ಹಿತ್ತಿಲ ಬಾವಿಗೆ ಹಾರಿದಳು. ಯಾಕೆಂದು ಯಾರಿಗೂ ಗೊತ್ತಿಲ್ಲ. ಈಗ ಎರಡನೇ ಸೊಸೆ ಗೌರಿ ಬಾಣಂತನ ಮುಗಿಸಿ ಬಂದಾಗಿನಿಂದ, ಯಾರೂ ನೀರು ತಾರದ ಹೊತ್ತಿನಲ್ಲೂ ನೆಲ ಹನಿಹನಿಯಾಗಿ ಒದ್ದೆಯಾಗುತ್ತಿದೆ. ಬಾವಿಯಿಂದ ಎದ್ದು ಬಂದವಳ ಸೀರೆ ತೊಟ್ಟಿಕ್ಕುತ್ತದಂತೆ. ಹನಿ ಮುಟ್ಟಿದರೆ ಅವಳು ಮೈಗಂಟುತ್ತಾಳಂತೆ. ಹಾಗಾಗಿ ಎಲ್ಲರೂ ಮೇಲೆ ಬೂದಿ ಚೆಲ್ಲಿ ದಾಟಿಕೊಂಡು ಹೋಗುತ್ತಾರೆ. (ಮುಟ್ಟಿ ನೋಡುವ ಧೈರ್ಯ ಒಬ್ಬರಿಗಾದರೂ ಬೇಡವೇ?)

ನೀಲಮ್ಮ ಗೌರಿಯ ಮೈಮೇಲೆ ಬಂದಿದ್ದಾಳೆ, ಅಮಾವಾಸ್ಯೆಗೆ ದೆವ್ವ ಬಿಡಿಸುವವನನ್ನು ಕರೆಸುತ್ತೇವೆ ಎಂದಳು ಬಸಮ್ಮ. ಅವನ ಟ್ರೀಟ್‌ಮೆಂಟ್ ಗೊತ್ತಲ್ಲ, ಹುಣಸೆ ಬರಲಿನ ಏಟು. ಗೌರಿ ನೀರು ಕುಡಿಯುವುದನ್ನೂ ಬಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದಳು. ಇವಳೂ ಹಾರಿಬಿಟ್ಟರೆ?

ಮಟಮಟ ಮಧ್ಯಾಹ್ನ. ಎಲ್ಲರೂ ಅಡ್ಡಾಗಿದ್ದರು. ನಡುಮನೆಯ ಚಪ್ಪಡಿಯ ಮೇಲೆ ಹನಿಗಳು, ಒಂದರ ಹಿಂದೊಂದು, ಬಾವಿಯ ಕಡೆಗೆ. ಸುತ್ತ ಯಾರೂ ಇಲ್ಲ. ಎಲ್ಲರಂತೆ ದಾಟಿ ಹೋಗಬಹುದಿತ್ತು. ಆದರೂ ನನ್ನ ಹಾಳು ಮೊಂಡುತನ, ಬಗ್ಗಿ ಬೆರಳಿಟ್ಟೆ. ಬೆಚ್ಚಗಿತ್ತು. ಮೂಸಿದೆ. ಬಾವಿ ನೀರಿಗೆ ಆ ವಾಸನೆ ಎಲ್ಲಿಂದ ಬರಬೇಕು?

ನಾಲ್ಕು ಹೆತ್ತವಳು ನಾನು. ಇನ್ನು ಬಿಡಿಸಿ ಹೇಳಬೇಕೇ?

ಬಾವಿಕಟ್ಟೆಗೆ ಹೋಗಿ ಗೌರಿಯ ಕೈ ಹಿಡಿದು, ಕೆಮ್ಮಿದರೂ ಮೂತ್ರ ಹೋಗುತ್ತದಾ ಎಂದು ಕೇಳಿದೆ. ಬಿಕ್ಕಿ ಬಿಕ್ಕಿ ಅತ್ತಳು.

"ಕೊಡ ಎತ್ತಿದ್ರೂ ಹೋಗ್ತೈತೆ ಅತ್ತೆ. ದೆವ್ವ ಅಂತ್ಲೇ ಅಂದ್ಕಳ್ಳಲಿ ಬಿಡ್ರಿ. ಇದನ್ನ ಯಾರ್ ಹತ್ರ ಹೇಳ್ಲಿ?"

ಜಿಲ್ಲಾ ಆಸ್ಪತ್ರೆಯ ನರ್ಸಮ್ಮ ನನಗೆ ಹೇಳಿಕೊಟ್ಟಿದ್ದನ್ನೇ ಅವಳಿಗೂ ಹೇಳಿದೆ. ಹೆರಿಗೆಯಲ್ಲಿ ಒಳಗಿನ ತಳದ ಸ್ನಾಯು ಹೊರಸು ಮಂಚದ ಹಗ್ಗದಂತೆ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಬಹುದು. ಮೂತ್ರ ತಡೆಯುವ ಹಾಗೆ ಒಳಗೇ ಬಿಗಿಹಿಡಿ, ಉಸಿರು ಕಟ್ಟಬೇಡ, ಮೆಲ್ಲಗೆ ಬಿಡು. ದಿನಾ ಮಾಡು, ತಿಂಗಳುಗಟ್ಟಲೆ ಮಾಡು. ಸದ್ಯಕ್ಕೆ ತುಂಬಿದ ಕೊಡ ಬೇಡ, ನೀರು ಕುಡಿಯುವುದು ಬಿಡಬೇಡ. ನರ್ಸಮ್ಮನ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

ಗೌರಿಯನ್ನು ಕೇಳಿಕೊಂಡೇ ಬಸಮ್ಮನಿಗೂ ತಿಳಿಸಿದೆ. ಅವಳು ಬಿಳಿಚಿಕೊಂಡಳು.

"ಅತ್ತಿಗೆ, ನೀಲಮ್ಮ ಬದುಕಿದ್ದಾಗ್ಲೂ ನೆಲ ಹಿಂಗೇ ಒದ್ದೆ ಆಗ್ತಿತ್ತು. ನೀರು ಚೆಲ್ಲಾಡ್ತೀಯ ಅಂತ ನಾನು ದಿನಾ ಬೈತಿದ್ದೆ. ಅವ್ಳು ಬಾಯೇ ಬಿಡ್ಲಿಲ್ಲ."

ಈಗ ನೀವೇ ಹೇಳಿ, ಹುಣಸೆ ಬರಲಿನ ಏಟು ಬೀಳಬೇಕಾದದ್ದು ಯಾವ ದೆವ್ವಕ್ಕೆ?