ಬಿದ್ದವನನ್ನು ಎತ್ತುವ ಗರಡಿ

ಬೆಳಗಿನ ಐದು ಗಂಟೆ. ಹಳಿಯಾಳದ ಗರಡಿಯೊಳಗೆ ಐವತ್ತೆಂಟರ ಮಲಕಪ್ಪ ವಸ್ತಾದರು ಸಲಿಕೆ ಹಿಡಿದು ಕೆಂಪು ಮಣ್ಣು ಹದ ಮಾಡುತ್ತಿದ್ದಾರೆ. ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ ಕಲೆಸಿದ ಮಣ್ಣು. ದಿನವೂ ಮಗುಚದಿದ್ದರೆ ಕಲ್ಲಾಗುತ್ತದೆ. ಆಮೇಲೆ ಇನ್ನೂರು ದಂಡ, ನಾನೂರು ಬಸ್ಕಿ. ಎಂಟಕ್ಕೆ ದಾಂಡೇಲಿಯ ಬಸ್ಸು, ಅಲ್ಲಿ ಸಂಜೆಯವರೆಗೆ ಬಿದಿರು ಇಳಿಸುವ ಕೂಲಿ. ಮೂವತ್ತು ವರ್ಷ ಕುಸ್ತಿ ಕಲಿಸಿದ್ದಾರೆ, ಯಾರಿಂದಲೂ ಏನೂ ತೆಗೆದುಕೊಂಡಿಲ್ಲ.

ಇಂಥವರನ್ನು ಹೋದ ವರ್ಷ, ತೊಂಬತ್ತೆಂಟರಲ್ಲಿ, ಸಿನಿಮಾದವರು ಹುಡುಕಿಕೊಂಡು ಬಂದರು. ಪಾಳೆಗಾರರ ಕಾಲದ ಕತ್ತಿವರಸೆ, ಮಲ್ಲಯುದ್ಧದ ಕಥೆ. ಗಣೇಶಗುಡಿಯ ಕಾಡಿನಲ್ಲಿ ಮರದ ಕೋಟೆ ಎದ್ದಿತು. ನಟರಿಗೆ ಪಟ್ಟು ಕಲಿಸಿದ್ದು ಮಲಕಪ್ಪ. ಖಳನಾಯಕನ ಬದಲಿಗೆ ಹೊಡೆದಾಡಿದ್ದು ಅವರ ಶಿಷ್ಯ ಪರಸಪ್ಪ.

ಎಡವಟ್ಟಾದದ್ದು ಕೊನೆಯ ಕಾಳಗದಲ್ಲಿ. ಉರಿಯುವ ಕೋಟೆಯೆದುರು ನಾಯಕ ನಟ ನಿಜಕ್ಕೂ ಜಾರಿ ಅಂಗಾತ ಬಿದ್ದ. ಕೊಲ್ಲಲು ಬಂದಿದ್ದ ಪರಸಪ್ಪ ಕತ್ತಿ ಬಿಸಾಕಿ, ಅವನ ಕೈ ಹಿಡಿದು ಎಬ್ಬಿಸಿ, ಬೆನ್ನಿನ ಮಣ್ಣು ಒರೆಸಿದ! ಈ ಗರಡಿಯಲ್ಲಿ ಮೊದಲ ದಿನ ಕಲಿಸುವುದೇ ಅದು: ಬೆನ್ನು ಮಣ್ಣಿಗೆ ತಾಗಿತೋ, ಕುಸ್ತಿ ಮುಗಿಯಿತು, ಗೆದ್ದವನೇ ಬಿದ್ದವನನ್ನು ಎತ್ತಬೇಕು. ಅಷ್ಟರಲ್ಲಿ ಕೋಟೆ ಸುಟ್ಟು ಬೂದಿಯಾಗಿತ್ತು. ಮತ್ತೆ ಚಿತ್ರೀಕರಿಸುವಂತಿರಲಿಲ್ಲ, ದೃಶ್ಯ ಹಾಗೆಯೇ ಉಳಿಯಿತು.

ವಿಮರ್ಶಕರು ಬಿಡುತ್ತಾರೆಯೇ? ‘ಕೊಲ್ಲಲು ಬಂದವನು ಮೈಮರೆತು ಸೇವೆಗೆ ನಿಂತ’ ಎಂದು ಒಬ್ಬರು. ‘ರಕ್ತವೇ ಇಲ್ಲದ ಯುದ್ಧ, ಮುದುಕರ ಕೋಲಾಟ’ ಎಂದು ಇನ್ನೊಬ್ಬರು. ಎರಡನೆಯದು ಬಂದದ್ದು ನಮ್ಮದೇ ಪತ್ರಿಕೆಯಲ್ಲಿ. ಓದು ಬಾರದ ಮಲಕಪ್ಪನವರಿಗೆ ಎರಡನ್ನೂ ಓದಿ ಹೇಳಿದವರು ಹೆಂಡತಿ ಶಂಕ್ರವ್ವ.

“ಮೊದಲ ಛಲೋ ಬರದಾರ ಅಂತಷ್ಟ ಅಂದ್ಲರಿ. ಇಷ್ಟುದ್ದ ಬರದದ್ದು ಇಷ್ಟ ಲಗೂ ಹೆಂಗ ಮುಗೀತು ಅಂದೆ. ಅಕಿ ಕಣ್ಣಾಗ ನೀರು ಬಂತು, ಆಮ್ಯಾಲ ಇದ್ದದ್ದು ಇದ್ದಂಗ ಓದಿದ್ಲು,” ಎನ್ನುತ್ತಾರೆ ಮಲಕಪ್ಪ. ನಾಚಿಕೆಯಿಂದ ನನಗೆ ತಲೆ ಎತ್ತಲಾಗುವುದಿಲ್ಲ.

ಈಗ ನಿರ್ಮಾಪಕರ ಪತ್ರ ಬಂದಿದೆ. ಮುಂದಿನ ಚಿತ್ರಕ್ಕೂ ಇವರೇ ಬೇಕು. ಸೋರುವ ಗರಡಿಗೆ ಹೊಸ ಹೆಂಚು ಹೊದಿಸಿಕೊಡುತ್ತಾರಂತೆ. ಷರತ್ತು ಒಂದೇ. ಪತ್ರಿಕೆಯವರು ಮತ್ತೆ ನಗಬಾರದು, ಅದಕ್ಕೆ ಬಿದ್ದವನನ್ನು ತುಳಿದು ಹೊಡೆಯುವುದನ್ನು ಶಿಷ್ಯರಿಗೆ ರೂಢಿ ಮಾಡಿಸಬೇಕು. ಮಳೆಗಾಲಕ್ಕೆ ಇನ್ನೊಂದೇ ತಿಂಗಳು. ಹೋದ ಮಳೆಗೆ, ಮಾಡಿಗೆ ತಾಡಪತ್ರಿ ಹೊದಿಸಿದ್ದರೂ, ಒಂದು ಮೂಲೆಯ ಮಣ್ಣು ಪೂರ್ತಿ ಕೊಚ್ಚಿಹೋಗಿತ್ತು. ಈ ಸಲ ಕಣವೇ ಉಳಿಯುವುದು ಅನುಮಾನ.

“ಸಿನಿಮಾ ಹೇಗೂ ಸುಳ್ಳೇ ತಾನೇ? ಹೊಡೆದಂತೆ ಮಾಡಿದರಾಯಿತಲ್ಲ?” ಎಂದು ನಾನು ಕೇಳುತ್ತೇನೆ.

ಮಲಕಪ್ಪ ಸಲಿಕೆ ಊರಿ ನಿಲ್ಲುತ್ತಾರೆ. “ಸುಳ್ಳು ಅಂತ ಪರಸ್ಯಾಗೂ ಗೊತ್ತಿತ್ತರಿ. ಆದ್ರೂ ಎತ್ತಾಕ ಕೈ ತಾನ ಹೋತು. ನಾಳೆ ಹೊಡಿಯೂದು ರೂಢಿ ಆದ್ರ, ಖರೇ ಕುಸ್ತಿಯೊಳಗೂ ಕೈ ತಾನ ಹೋಕ್ಕೈತಿ.”

ಶಂಕ್ರವ್ವ ಅಂಚೆ ಕಾರ್ಡು, ಪೆನ್ನು ಹಿಡಿದು ಬಂದು ಕೂರುತ್ತಾರೆ. ಏನಂತ ಬರೀಲಿ ಎನ್ನುತ್ತಾರೆ.

“ಈ ಮಳಿಗೂ ತಾಡಪತ್ರಿ ಹೊಚ್ಚಿಕೋತೇವಿ ಅಂತ ಬರಿ,” ಎನ್ನುತ್ತಾರೆ ಮಲಕಪ್ಪ. ಮತ್ತೆ ಸಲಿಕೆ ಎತ್ತಿಕೊಂಡು, “ಇನ್ನೊಂದು ಬರಿ. ಪರಸ್ಯಾ ಮೈ ಮರತಿದ್ದಿಲ್ಲ. ನಾ ಕಲಿಸಿದ್ದನ್ನ ಮಾಡ್ಯಾನ.”