ಡಬ್ಬಿಯಲ್ಲಿ ಉಳಿದ ದೊಡ್ಡವ್ವ

ಬಾಗಲಕೋಟೆಯ ಲ್ಯಾಬೊಂದರಲ್ಲಿ ನಾನು ತಂಬಾಕಿನ ಜಾತಿಯ ಗಿಡ ಬೆಳೆಸುತ್ತೇನೆ. ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯವನ್ನು ಅದರ ಎಲೆಗಳೊಳಗೇ ತಯಾರಿಸುವುದು ನಮ್ಮ ಕೆಲಸ. ಮನುಷ್ಯರಿಗೆ ಕೊಡುವ ಹಂತ ಇನ್ನೂ ದೂರ. ಬಾದಾಮಿಯ ಬಂಧುಗಳು ಮಾತ್ರ, "ಏನವಾ, ಗುಟ್ಕಾ ಫ್ಯಾಕ್ಟರಿ ಸೇರೀಯೇನು?" ಎಂದು ನಗುತ್ತಾರೆ. ಹಾಳಾಗಿ ಹೋಗಲಿ.

ನಗದೆ ಕೇಳಿದವಳು ದೊಡ್ಡವ್ವ, ನನ್ನ ಅವ್ವನ ಅಕ್ಕ. ಅವಳಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ನಿಗೆ ಮುಂಚೆ ನನ್ನ ಕೈ ಹಿಡಿದು, "ನಿಮ್ಮ ಔಷಧ ನನಗ ಸಿಗಂಗಿಲ್ಲ, ಗೊತ್ತೈತಿ. ಆದ್ರ ಕೊಯ್ದು ತಗದ ಗಂಟು ಕಸಕ್ಕ ಯಾಕ ಹಾಕ್ತೀರಿ? ಅದರ ಮ್ಯಾಲ ಹಾಕಿ ನೋಡ್ರಿ," ಎಂದಳು. ಡಾಕ್ಟರ ಮುಂದೆಯೂ ಅದನ್ನೇ ಹೇಳಿ ಒಪ್ಪಿಗೆ ಕೊಟ್ಟಳು. ತೆಗೆದ ಗಂಟಿನ ಕೋಶಗಳನ್ನು ಲ್ಯಾಬಿಗೆ ತಂದು ಎರಡು ಡಬ್ಬಿಗಳಲ್ಲಿ ಬೆಳೆಯಲು ಇಟ್ಟೆವು.

ಕೆಲವು ತಿಂಗಳಲ್ಲಿ ರೋಗ ಮರಳಿ ಬಂತು, ಅವಳು ಹೋದಳು. ನಮ್ಮ ಪದ್ಧತಿಯಂತೆ ಹೊಲದಲ್ಲಿ ಕೂಡಿಸಿ ಮಣ್ಣು ಮಾಡಿದೆವು. ಕೆಲಸಕ್ಕೆ ಮರಳಿದ ದಿನ ಕೋಶ ಬೆಳೆಸುವ ಪೆಟ್ಟಿಗೆಯ ಬಾಗಿಲು ತೆಗೆದೆ. ಒಳಗೆ ಮೈಯಷ್ಟೇ ಬಿಸಿ. ಡಬ್ಬಿಗಳ ತಳದಲ್ಲಿ ದೊಡ್ಡವ್ವ ಬೆಳೆಯುತ್ತಿದ್ದಳು. ಖಾಲಿ ಇದ್ದ ಜಾಗವನ್ನೆಲ್ಲ ತುಂಬಿಕೊಂಡಿದ್ದಳು.

ಊರಿಗೆ ಹೋದಾಗ ಬಾಯಿ ತಪ್ಪಿ ಅವ್ವನಿಗೆ ಡಬ್ಬಿಯ ಸಂಗತಿ ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಜೀವ ಐತೇನು ಅದರಾಗ?"

"ಐತಿ ಬೇ."

"ಅಯ್ಯ ಶಿವನೇ! ಅಲ್ಲಿ ಮಣ್ಣು ಕೊಟ್ಟು ಬಂದೀವಿ, ಇಲ್ಲಿ ಬೆಳ್ಯಾಕತ್ತಾಳಾ? ಅಕ್ಕಗ ಮುಕ್ತಿ ಹೆಂಗ ಸಿಗಬೇಕು? ಲಗೂನ ಮುಗಿಸಿಬಿಡು."

ಅಂದಿನಿಂದ ದಿನಾ ಸಂಜೆ ಫೋನು. "ಮುಗೀತೇನು?" ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅಕ್ಕ ಹೊಸ್ತಿಲಲ್ಲಿ ನಿಂತಿರುತ್ತಾಳಂತೆ, ಒಳಗೂ ಬರದೆ, ಹೊರಗೂ ಹೋಗದೆ. ನನಗೆ ಸಿಟ್ಟು ಬರುತ್ತಿತ್ತು. ಖರೆ ಹೇಳಬೇಕೆಂದರೆ ಹೆದರಿಕೆಯೂ ಆಗುತ್ತಿತ್ತು.

ಕೊನೆಗೆ ಎಲೆ ಅರೆದು, ಸೋಸಿ, ಶುದ್ಧಮಾಡಿ ತೆಗೆದ ಪ್ರತಿಕಾಯವನ್ನು, ಅದು ಅಂಟಿದ ಕೋಶವನ್ನು ಕೊಲ್ಲುವ ರಕ್ತದ ಬಿಳಿ ಕಣಗಳ ಜೊತೆ, ದೊಡ್ಡವ್ವನ ಒಂದು ಡಬ್ಬಿಗೆ ಹಾಕಿದೆ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಮುದುಡಿ, ತಳ ಬಿಟ್ಟು ತೇಲುತ್ತಿದ್ದವು. ಜೊತೆಯವರು ಚಪ್ಪಾಳೆ ಹೊಡೆದರು. ನನಗೆ ಮತ್ತೊಮ್ಮೆ ಸಾವಿನ ಮನೆಯಲ್ಲಿ ನಿಂತಂತಾಗಿ ಅಳು ಬಂತು.

ಅವ್ವನಿಗೆ ನಾನೇ ಫೋನು ಹಚ್ಚಿದೆ. "ಔಷಧ ಹಿಡೀತು ಬೇ. ಸತ್ತುವು."

"ಎಲ್ಲಾನೂ?"

"ಇನ್ನೊಂದು ಡಬ್ಬಿ ಐತಿ. ನಾಳೆ ಅದಕ್ಕೂ ಹಾಕ್ತೇನಿ."

"ಬ್ಯಾಡ."

"ಅವ್ವಾ, ಆಕಿನ್ನ ಕೊಂದ ರೋಗ ಅದು!"

"ಇರ್ಲಿ ಬಿಡು," ಎಂದಳು ಅವ್ವ. "ನಮ್ಮಕ್ಕನ್ದು ಅಂತ ಜೀವ ಇರೋದು ಈಗ ಅದೊಂದ ಅಲ್ಲೇನು?"