ಹನಿ ಹನಿಯಾಗಿ ಹಾಕಬೇಕಿದ್ದ ಸ್ಪಿರಿಟ್ಟು

ಅಮ್ಮ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆ ಮುಂದೆ ಕೂತೆ. ತಮ್ಮ ಓದಿದ. ಐವತ್ತರ ದಶಕದ ಕೊನೆಯಲ್ಲಿ ಅವನು ಮೈಸೂರಿನಲ್ಲೇ ಬಿ.ಎಸ್ಸಿ. ಮಾಡುತ್ತಿದ್ದ, ಪ್ರಾಣಿಶಾಸ್ತ್ರ. ಒಂದು ದಸರಾ ರಜೆಯಲ್ಲಿ ಮೇಷ್ಟ್ರ ಜೊತೆ ಮಂಗಳೂರಿಗೆ ಹೋದವನು ಅಗಲ ಬಾಯಿಯ ಸೀಸೆಯಲ್ಲಿ ಸಮುದ್ರದ ನೀರು, ಮರಳು, ಐದು ಜೀವಂತ ಹುಳು ತಂದ.

ಬೆರಳುದ್ದದವು. ಎರೆಹುಳಕ್ಕಿರುವ ಉಂಗುರಗಳು ಇವಕ್ಕಿರಲಿಲ್ಲ. ಮುಟ್ಟಿದೆ. ಚಾಚಿದ್ದ ಸಪೂರ ಮೂತಿಯನ್ನು, ರವಿಕೆಯ ತೋಳು ಒಳಮಗುಚಿದ ಹಾಗೆ, ಮೈಯೊಳಕ್ಕೆ ಎಳೆದುಕೊಂಡು ಒಂದು ಹುಳು ಕಡಲೆಕಾಯಿಯಂತಾಯಿತು.

"ಥೂ, ಇದನ್ನ ಓದೋಕೆ ಕಾಲೇಜಿಗೆ ಹೋಗ್ತೀಯೇನೋ?"

"ಇದನ್ನ ಓದಿರೋರೇ ಕಮ್ಮಿ ಕಣಕ್ಕ. ಮೂತಿ ತುದೀಲಿ ಬಾಯಿ, ಅದರ ಸುತ್ತ ಹೂವಿನೆಸಳಿನ ಹಂಗೆ ಎಳೆಗಳು. ಮಲದ್ವಾರ ಬೆನ್ನ ಮೇಲೆ, ಕತ್ತಿನ ಹತ್ರ!"

"ಅದಕ್ಕೇ ನಾಚ್ಕೊಂಡು ಮುದುರ್ಕೊಳ್ಳೋದು ಬುಡು."

ಬಿದ್ದು ಬಿದ್ದು ನಕ್ಕ.

ಮೂತಿ ಚಾಚಿದಂತೆಯೇ ಹುಳುಗಳನ್ನು ಕೆಡದಂತೆ ಇಟ್ಟು, ಆ ಎಳೆಗಳ ಚಿತ್ರ ಬರೆದು ತೋರಿಸಿದರೆ ಕಡಲತೀರದ ಸಂಶೋಧನಾ ಕೇಂದ್ರಕ್ಕೆ ಸಹಾಯಕನಾಗಿ ಕಳಿಸುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ಅದಕ್ಕೆ ಸೀಸೆಯ ನೀರಿಗೆ ಸ್ಪಿರಿಟ್ಟನ್ನು ಹನಿ ಹನಿಯಾಗಿ ಬಿಡಬೇಕು. ಮುಟ್ಟಿದರೂ ಮುದುರದಷ್ಟು ಮಂಪರು ಬಂದ ಮೇಲೆ ಫಾರ್ಮಲಿನ್. ಅವಸರಪಟ್ಟರೆ ಹುಳು ಮೂತಿ ಒಳಗೆಳೆದುಕೊಂಡೇ ಸಾಯುತ್ತದೆ.

ಮಾರನೆಯ ದಿನ ಅವನಿಗೆ ಸುಡುವ ಜ್ವರ. "ಹತ್ತು ನಿಮಿಷಕ್ಕೊಂದ್ಸಲ ನಾಲ್ಕು ಹನಿ, ಸಾಯಂಕಾಲದವರೆಗೂ. ಅವಸರ ಮಾಡ್ಬೇಡ ಕಣಕ್ಕ," ಎಂದು ಇಂಕ್ ಫಿಲ್ಲರ್ ನನ್ನ ಕೈಗಿಟ್ಟು ಮಲಗಿದ.

ಒಂದು ಗಂಟೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಮನೆಯವಳು ಬೀದಿಯಿಂದ ಕೂಗಿದಳು: "ಸಿನಿಮಾಕ್ಕೆ ಬರ್ತೀಯೋ ಇಲ್ವೋ? ಜಟ್ಕಾ ಹೊಂಟೋಗುತ್ತೆ ಕಣೆ!"

ತಮ್ಮ ನಿದ್ದೆಯಲ್ಲಿದ್ದ. ಉಳಿದ ಸ್ಪಿರಿಟ್ಟನ್ನೆಲ್ಲ ಸುರಿದುಬಿಟ್ಟು ಹೋದೆ. ಸಿನಿಮಾದ ಆಸೆಯೊಂದೇ ಅಲ್ಲ. ನಾನು ಬಿಟ್ಟ ಓದನ್ನು ಅವನು ಓದುತ್ತಿದ್ದಾನೆಂಬ ಹೊಟ್ಟೆಕಿಚ್ಚೂ ಇತ್ತು.

ಬಂದು ನೋಡಿದರೆ ತಳದಲ್ಲಿ ಐದು ಕಡಲೆಕಾಯಿ. ಅವನು ಎದ್ದು ಕೂತು ಸೀಸೆಯನ್ನು ಬೆಳಕಿಗೆ ಹಿಡಿದಿದ್ದ.

"ಹನಿ ಹನಿಯಾಗೇ ಹಾಕ್ದೆ ತಾನೆ ಅಕ್ಕ?"

"ಹೂಂ ಕಣೋ."

"ಹಂಗಾದ್ರೆ ಬಸ್ಸಲ್ಲೇ ಸೋತೋಗಿದ್ವು. ನಾನೇ ಸರಿಯಾಗಿ ತರ್ಲಿಲ್ಲ."

ಮೇಷ್ಟ್ರಿಗೂ ಹಾಗೇ ಹೇಳಿದ. ಆ ಕೆಲಸ ಅವನ ಸಹಪಾಠಿಗೆ ಹೋಯಿತು. ಇವನು ಇಲವಾಲದ ಶಾಲೆಯಲ್ಲಿ ಮೇಷ್ಟ್ರಾಗಿ ದಿನಾ ಸೈಕಲ್ ತುಳಿದ.

ಒಂದು ಭಾನುವಾರ, ಹೇಳಿಯೇಬಿಡೋಣವೆಂದು ಪಕ್ಕದಲ್ಲಿ ಕೂತೆ. ಮಕ್ಕಳ ಪುಸ್ತಕ ತಿದ್ದುತ್ತಿದ್ದವನು ತಲೆಯೆತ್ತಿ, "ಏನಕ್ಕ?" ಎಂದ.

"ಸಾರಿಗೆ ಉಪ್ಪು ಸರಿಯಾಗಿತ್ತೇನೋ?"

"ಚೆನ್ನಾಗಿತ್ತು," ಎಂದ.

ಆ ವರ್ಷವೇ ಕಾಮಾಲೆಯಾಗಿ ಹೋಗಿಬಿಟ್ಟ.